ನೊರಜಿನ ಬಾಟಲಿಗಳು ಮತ್ತು ಬಡವನಹಳ್ಳಿ ಮಾವ

ನನ್ನ ಹೆಂಡತಿ ಗೌರಿಗೆ ಆರು ತಿಂಗಳು ತುಂಬಿದ ಹೊತ್ತಿಗೆ ನಮ್ಮ ಮನೆಗೆ ನೊರಜು ಬಂದವು. ಸಾಸಿವೆ ಕಾಳಿಗಿಂತ ಚಿಕ್ಕ ನೊಣಗಳು, ಹಣ್ಣಿನ ವಾಸನೆಗೆ ಮುತ್ತುವಂಥವು. ನಾನು ನಕ್ಕುಬಿಟ್ಟೆ. ಮಧುಗಿರಿ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಇಳಿದವನು ನಾನು. ಹತ್ತೊಂಬತ್ತನೆಯ ವಯಸ್ಸಿಗೆ ಒಂದನೆಯ ಕ್ಲಾಸಿನ ಪುಸ್ತಕ ಹಿಡಿದು, ಇಪ್ಪತ್ತೇಳಕ್ಕೆ ಲೋಯರ್ ಸೆಕೆಂಡರಿ ಪಾಸು ಮಾಡಿ, ಕಚೇರಿಯಲ್ಲಿ ಗುಮಾಸ್ತನಾದವನು. ಇಂಥವನಿಗೆ ನೊರಜು ಯಾವ ಲೆಕ್ಕ? ಎರಡು ದಿನದಲ್ಲಿ ಅವುಗಳನ್ನು ಮನೆಯಿಂದ ಹೊರಹಾಕಲಾಗುವುದು ಎಂದು ಅಮ್ಮನ ಮುಂದೆ, ಹೆಂಡತಿಯ ಮುಂದೆ ಪ್ರಕಟಿಸಿದೆ.

ಅದಕ್ಕೂ ಮೊದಲಿನ ಒಂದು ಸಂಗತಿ ಹೇಳಬೇಕು. ಗೌರಿಗೆ ಸೀತಾಫಲದ ಬಯಕೆಯಾಗಿತ್ತು. ನಮ್ಮ ಬೆಟ್ಟಗುಡ್ಡದಲ್ಲಿ ಅದು ತಾನಾಗಿಯೇ ಬೆಳೆಯುತ್ತದೆ, ಕೇಳಿದ್ದೇನೂ ದೊಡ್ಡದಲ್ಲ. ಆದರೆ ಅಮ್ಮ ಖಡಾಖಂಡಿತವಾಗಿ ಬೇಡವೆಂದಳು. ಸೀತಾಫಲ ಶೀತ, ಹೊಟ್ಟೆಯಲ್ಲಿರುವ ಮಗುವಿಗೆ ನೆಗಡಿಯಾಗುತ್ತದೆ ಎಂಬುದು ಅವಳ ವೈದ್ಯ. ಗೌರಿ ತಲೆ ತಗ್ಗಿಸಿ ಒಳಗೆ ಹೋದಳು. ಆ ವಿಷಯ ಅಲ್ಲಿಗೆ ಮುಗಿಯಿತೆಂದು ಅಮ್ಮ ತಿಳಿದಳು. ಅದಾದ ಮೂರು ದಿನಕ್ಕೆ ನನ್ನನ್ನು ಕಚೇರಿ ಕೆಲಸದ ಮೇಲೆ ಎಂಟು ದಿನ ಕೊರಟಗೆರೆಗೆ ಕಳಿಸಿದರು. ವಾಪಸು ಬಂದಾಗ ನೊರಜು ನನಗಿಂತ ಮುಂಚೆ ಬಂದು ಕೂತಿದ್ದವು. ಮಾವನ ಕಾಗದವೂ ಬಂದಿತ್ತು.

ಮಾವ ಎಂದರೆ ಬಡವನಹಳ್ಳಿಯ ರೈತರು, ಗೌರಿಯ ತಂದೆ. ಒಳ್ಳೆಯವರು. ಆದರೆ ಮದುವೆಯಾಗಿ ಎರಡು ವರ್ಷವಾದರೂ ನಮ್ಮ ಮನೆಯಲ್ಲಿ ಒಂದು ತುತ್ತು ತಿಂದವರಲ್ಲ. ಸಂತೆಗೆ ಬಂದರೆ ಬಾಗಿಲಲ್ಲೇ ನಿಂತು, ಮಗಳ ಮುಖ ನೋಡಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಡುತ್ತಿದ್ದರು. ನನ್ನ ಮೇಲೆ ಅವರಿಗೆ ನಂಬಿಕೆ ಕುದುರಿರಲಿಲ್ಲ. ಮೀಸೆ ಬಂದ ಮೇಲೆ ಅಆಇಈ ಕಲಿತವನು ಸಂಸಾರವನ್ನು ಯಾವಾಗ ಕಲಿಯುತ್ತಾನೆ ಎಂದು ಮದುವೆಗೆ ಮೊದಲೇ ಯಾರೊಂದಿಗೋ ಹೇಳಿದ್ದರಂತೆ. ಈಗ ಅವರೇ ಬರೆಸಿದ್ದರು: ಶನಿವಾರ ಬರುತ್ತೇನೆ, ಎರಡು ದಿನ ಇರುತ್ತೇನೆ.

ನಾನು ಆ ಕಾಗದವನ್ನು ಗೌರಿಗೆ ಮೂರು ಸಲ ಓದಿ ಹೇಳಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಸಂಜೆ ಹೊತ್ತು ನಾನೇ ಸ್ಲೇಟು ಹಿಡಿದು ಕಲಿಸುತ್ತಿದ್ದೆ. ಅಕ್ಷರ ಬಿಡಿಬಿಡಿಯಾಗಿ ಗುರುತಿಸುತ್ತಿದ್ದಳು, ಕೂಡಿಸಿ ಓದು ಎಂದರೆ ಮಾತ್ರ ನಕ್ಕು ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಅವತ್ತು ಕಾಗದವನ್ನು ನನ್ನ ಕೈಯಿಂದ ತಗೊಂಡು ಮಡಚಿ ಇಟ್ಟುಕೊಂಡಳು.

"ನಮ್ಮಪ್ಪ ಉಣ್ಣೋ ಎಲೆ ಮ್ಯಾಲೆ ಒಂದು ನೊರಜೂ ಕೂರಬಾರ್ದು, ನೋಡಿ. ಇಷ್ಟೇ ನಾನ್ ಕೇಳೋದು" ಎಂದಳು.

ಇಷ್ಟೇ!

ಮೊದಲ ಪ್ರಯೋಗ ಹೊಗೆ. ಹಸಿ ಬೇವಿನ ಸೊಪ್ಪನ್ನು ಬಾಣಲೆಯ ಕೆಂಡದ ಮೇಲೆ ಸುರಿದು, ಕಿಟಕಿ ಬಾಗಿಲು ಮುಚ್ಚಿ, ಎಲ್ಲರೂ ಬೀದಿಗೆ ಬಂದು ಕೂತೆವು. ಹೊಗೆ ಹೆಂಚಿನ ಸಂದಿಯಿಂದ ಬಹಳ ಚೆನ್ನಾಗಿ ಎದ್ದಿತು. ಎಷ್ಟು ಚೆನ್ನಾಗಿ ಎಂದರೆ ಹಿಂದಿನ ಬೀದಿಯವರು ಕೊಡ ಹಿಡಿದು ಓಡಿಬಂದು, ನಾನು ಬಾಯಿ ತೆರೆಯುವುದರೊಳಗೆ ಮಾಡಿನ ಮೇಲೆ ನೀರು ಎರಚಿದರು. ಅಮ್ಮ ಒದ್ದೆ ಹಾಸಿಗೆ ಒಣಗಹಾಕುತ್ತಾ ಕೆಮ್ಮಿದಳು, ಕೆಮ್ಮುತ್ತಾ ಬೈದಳು. ಹೊಗೆ ತಿಳಿಯಾದ ಮೇಲೆ ಬಾಗಿಲು ತೆಗೆದೆವು. ನಮಗಿಂತ ಮೊದಲು ಒಳಗೆ ಹೋದದ್ದು ನೊರಜು.

ಎರಡನೆಯ ಪ್ರಯೋಗ ಶಾಸ್ತ್ರೋಕ್ತವಾಗಿತ್ತು. ತಡವಾಗಿ ಓದು ಕಲಿತವನಿಗೆ ಅಚ್ಚಾದದ್ದೆಲ್ಲ ಸತ್ಯ. ಅಂಗಡಿಯಿಂದ ಬಂದ ಪೊಟ್ಟಣದ ಕಾಗದವನ್ನು ಕೂಡ ನಾನು ಓದದೆ ಬಿಸಾಡಿದವನಲ್ಲ. ದೇವರ ದಯೆಯೋ ಏನೋ, ಅವತ್ತು ಬೆಲ್ಲ ಕಟ್ಟಿಕೊಟ್ಟಿದ್ದ ಕಾಗದ ವ್ಯವಸಾಯದ ಯಾವುದೋ ಪತ್ರಿಕೆಯ ಹಾಳೆ. ಮೇಲಿನ ಅರ್ಧ ಹರಿದುಹೋಗಿತ್ತು. ಉಳಿದ ಅರ್ಧದಲ್ಲಿ ನೊರಜು ಹಿಡಿಯುವ ವಿಧಾನವಿತ್ತು! ಬಾಟಲಿಯಲ್ಲಿ ಬೆಲ್ಲದ ನೀರು, ಕಳಿತ ಬಾಳೆಹಣ್ಣು ಹಾಕಿ, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಬೇಕು. ಒಳಗೆ ಹೋದ ನೊರಜು ಹೊರಗೆ ಬರುವುದಿಲ್ಲ.

ಬಾಟಲಿಗಾಗಿ ಪಕ್ಕದ ಮನೆಯ ರಹೀಂ ಸಾಬರ ಹತ್ತಿರ ಹೋದೆ. ಅವರದು ಗುಜರಿ ವ್ಯಾಪಾರ. ಉದ್ದ ಕುತ್ತಿಗೆಯ ಕಂದು ಬಾಟಲಿ ನಾಲ್ಕು ತಂದುಕೊಟ್ಟರು. ಆಗ ನಮ್ಮ ಕಡೆ ಪಾನನಿರೋಧವಿದ್ದ ಕಾಲ, ಅಂಥ ಬಾಟಲಿ ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುವುದೇ ಒಂದು ಧೈರ್ಯ. ಬೆಲ್ಲದ ನೀರು ತುಂಬುವುದಕ್ಕೆ ಎಂದು ನಾನು ಪ್ರಾಮಾಣಿಕವಾಗಿ ಹೇಳಿದೆ. ಸಾಬರು ಗಡ್ಡ ನೀವಿಕೊಂಡರು.

"ಶೀಷೆ ಕೊಡೋದು ನನ್ ಕೆಲ್ಸ, ಭಾಯ್. ಒಳಗೆ ಏನ್ ಹಾಕ್ತೀರಿ ಅಂತ ನಾನು ಕೇಳಿಲ್ಲ, ನೀವು ಹೇಳಿಲ್ಲ."

ಬಾಟಲಿಗಳು ಕೆಲಸ ಮಾಡಿದವು. ನೊರಜು ಸಾಲುಗಟ್ಟಿ ಹೋಗಿ ಬಿದ್ದವು. ನಾನು ಕಚೇರಿಯಿಂದ ಬಂದು ಅಂಗಿ ಬಿಚ್ಚುವುದಕ್ಕೆ ಮೊದಲು ಬಾಟಲಿ ನೋಡುತ್ತಿದ್ದೆ, ದಿನವೂ ಮೇಲಿಂದ ಒಂದು ಚೂರು ಬೆಲ್ಲ ಹಾಕಿ ಉಪಚರಿಸುತ್ತಿದ್ದೆ. ಆದರೆ ಬಿದ್ದಷ್ಟೇ ಹೊಸವು ಹುಟ್ಟುತ್ತಿದ್ದವು. ಶುಕ್ರವಾರದ ಹೊತ್ತಿಗೆ ಒಳಗಿನ ನೀರು ನೊರೆಯೆದ್ದು ಒಂಥರಾ ಹುಳಿವಾಸನೆ ಬೀರತೊಡಗಿತು. ಹುಟ್ಟಿದಾಗಿನಿಂದ ಹೆಂಡದ ಹನಿ ಮುಟ್ಟದ ನನಗೆ ಅದು ಏನೆಂದು ಹೇಗೆ ಗೊತ್ತಾಗಬೇಕು?

ಶನಿವಾರ ಬೆಳಿಗ್ಗೆ, ಮಾವ ಬರುವ ಹೊತ್ತಿಗೆ ಸತ್ತ ನೊಣಗಳು ಕಣ್ಣಿಗೆ ಬೀಳಬಾರದೆಂದು ಆಲಿಕೆ ಕಿತ್ತು, ನಾಲ್ಕಕ್ಕೂ ಬೆಂಡಿನ ಬಿರಡೆ ಜಡಿದು, ನಡುಮನೆಯ ಗೋಡೆಯ ಗೂಡಿನಲ್ಲಿಟ್ಟು ಪಂಚೆ ಇಳಿಬಿಟ್ಟೆ. ಆ ಗೂಡಿನ ಕೆಳಗೇ ಮಾವನಿಗೆ ಮಣೆ ಹಾಕುವುದೆಂದು ನನಗೆ ಹೊಳೆಯಲಿಲ್ಲ.

ಮಾವ ಬಂದರು. ಕಾಲು ತೊಳೆದು ಒಳಗೆ ಬಂದರು, ಮಣೆಯ ಮೇಲೆ ಕೂತರು. ಬಾಗಿಲ ಹತ್ತಿರ ನಿಂತಿದ್ದ ಗೌರಿಯ ಮುಖವನ್ನು ನಾನು ಈಗಲೂ ಮರೆತಿಲ್ಲ. ಎಲೆಗೆ ಒಬ್ಬಟ್ಟು ಬಡಿಸಿ, ಅದರ ಮೇಲೆ ತುಪ್ಪ ಹಾಕಿ, ಬೀಸಣಿಗೆ ಹಿಡಿದು ನೊರಜು ಓಡಿಸುತ್ತಾ ಕೂತಳು. ಮಾವ ಮೊದಲ ತುತ್ತು ಮುರಿದರು.

ಢಬ್ ಎಂದಿತು.

ಬಿರಡೆ ಹಾರಿ ತೊಲೆಗೆ ಬಡಿದು ಒಬ್ಬಟ್ಟಿನ ಮೇಲೆ ಬಿತ್ತು. ಹಿಂದೆಯೇ ಮತ್ತೆರಡು ಹಾರಿದವು. ನೊರೆ ಉಕ್ಕಿ, ನನ್ನ ಪಂಚೆಯನ್ನು ತೋಯಿಸಿ, ಮಾವನ ಬೋಳು ತಲೆಯ ಮೇಲೆ ಹಿತವಾಗಿ ಇಳಿಯಿತು. ಮನೆಯೆಲ್ಲ ಹೆಂಡದಂಗಡಿಯ ವಾಸನೆ. ಮಾವ ನಿಧಾನವಾಗಿ ಪಂಚೆ ಸರಿಸಿ ಬಾಟಲಿಗಳನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುರಿದ ತುತ್ತನ್ನು ಎಲೆಯ ಮೇಲೆ ಇಟ್ಟು ಮಗಳ ಕಡೆ ತಿರುಗಿದರು.

"ಎಷ್ಟ್ ದಿನದಿಂದ ನಡೀತೈತವ್ವ ಇದು? ನಂಗ್ಯಾಕೆ ಹೇಳ್ಲಿಲ್ಲ?"

ಅವರ ಅಣ್ಣ ಕುಡಿದೇ ಮನೆ ಹಾಳುಮಾಡಿಕೊಂಡವರು ಎಂದು ನನಗೆ ಗೊತ್ತಿತ್ತು. ಗೌರಿಯ ಕಣ್ಣು ತುಂಬಿತು. ನಾನು ಆ ಹರಿದ ಹಾಳೆಯನ್ನು ತಂದು, ನಿಂತುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಮಾವ ಕೇಳಿಸಿಕೊಂಡರು. ಒಂದು ಬಾಟಲಿ ತಗೊಂಡು ಬೆಳಕಿಗೆ ಹಿಡಿದರು. ಒಳಗೆ ಸಾವಿರಾರು ಸಾಕ್ಷಿಗಳು ತೇಲುತ್ತಿದ್ದವು.

"ಅಲ್ಲ ಅಳಿಯಂದ್ರೇ, ಇವು ಎಲ್ಲಿಗ್ ಹೋಗ್ತವೆ ಅಂತ ನೋಡಿದ್ರಿ, ಸರಿ. ಎಲ್ಲಿಂದ ಬರ್ತವೆ ಅಂತ ನೋಡಿದ್ರಾ?"

ನೋಡಿರಲಿಲ್ಲ. ಹಾಳೆಯಲ್ಲಿ ಹಾಗೆ ಬರೆದಿರಲಿಲ್ಲ!

ಮಾವ ಎದ್ದು ನಿಂತು ನೊರಜು ಹಾರುವುದನ್ನೇ ನೋಡಿದರು. ಆಮೇಲೆ ನೇರವಾಗಿ ಮೂಲೆಯಲ್ಲಿದ್ದ ವಾಡೆಯ ಹತ್ತಿರ ಹೋದರು. ವಾಡೆ ಎಂದರೆ ನಾವು ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ಕಣಜ. ಅದರ ಮುಚ್ಚಳದ ಸಂದಿಯಿಂದ ನೊರಜು ಮೆರವಣಿಗೆ ಹೊರಟಂತೆ ಬರುತ್ತಿದ್ದವು. ಮಾವ ಮುಚ್ಚಳ ಸರಿಸಿ, ರಾಗಿಯೊಳಗೆ ಮೊಣಕೈವರೆಗೆ ಕೈ ಹಾಕಿ ತೆಗೆದರು. ಕೈಯಲ್ಲಿ ಕಪ್ಪಗೆ ಕೊಳೆತ, ರಾಗಿ ಮೆತ್ತಿಕೊಂಡ ಒಂದು ಮುದ್ದೆ.

ಆಗ ನನಗೆ ನೆನಪಾಯಿತು.

"ನನ್ ರಾಗಿ ಒಳಗೆ ಸೀತಾಫಲ ಯಾರು ಇಟ್ಟೋರು?" ಎಂದಳು ಅಮ್ಮ.

ಇಟ್ಟವನು ನಾನೇ. ಅಮ್ಮ ಬೇಡವೆಂದ ಮರುದಿನ ಬೆಟ್ಟದ ತಪ್ಪಲಿಗೆ ಹೋಗಿ ಆರು ಕಾಯಿ ಕಿತ್ತು ತಂದು, ಹಣ್ಣಾಗಲೆಂದು ಅಮ್ಮನ ಕಣ್ಣು ತಪ್ಪಿಸಿ ರಾಗಿಯಲ್ಲಿ ಹುದುಗಿಸಿದ್ದೆ. ಮಾಗಿದ ದಿನ ಗೌರಿಯ ಕೈಗೆ ಕೊಟ್ಟು ಬೆರಗುಗೊಳಿಸುವ ಯೋಜನೆ. ಕೊರಟಗೆರೆಯ ಕಡತಗಳ ನಡುವೆ ಅದು ಪೂರ್ತಿ ಮರೆತುಹೋಗಿತ್ತು. ನೊರಜನ್ನು ಮನೆಗೆ ಕರೆಸಿದವನೂ ನಾನೇ, ದಿನಾ ಬೆಲ್ಲ ಹಾಕಿ ಸಾಕಿದವನೂ ನಾನೇ. ಇದನ್ನೆಲ್ಲ ತಲೆ ತಗ್ಗಿಸಿಕೊಂಡು ಮೂವರ ಮುಂದೆ ಹೇಳಿದೆ.

"ನಂಗಾ ತಂದಿದ್ದು?" ಎಂದಳು ಗೌರಿ. ಅಷ್ಟೇ ಕೇಳಿದ್ದು.

ಮಾವ ಮತ್ತೆ ವಾಡೆಗೆ ಕೈ ಹಾಕಿ ಒಂದೊಂದಾಗಿ ತೆಗೆದರು. ಐದು ಕೊಳೆತಿದ್ದವು. ಎಲ್ಲಕ್ಕಿಂತ ಕೆಳಗೆ ಹೂತಿದ್ದ ಆರನೆಯದು ಅರ್ಧ ಚೆನ್ನಾಗಿತ್ತು. ಅದನ್ನು ಪಂಚೆಯಲ್ಲಿ ಒರೆಸಿ, ಬಿಡಿಸಿ, ಕೆಟ್ಟದ್ದನ್ನು ತೆಗೆದುಹಾಕಿ, ಮಗಳ ಅಂಗೈ ಮೇಲೆ ಇಟ್ಟರು. "ಒಂದು ಹೋಳು ತಿನ್ಲಿ ಬುಡಕ್ಕ. ನೆಗಡಿ ಆದ್ರೆ ನಮ್ ಮೊಮ್ಮಗಾನೇ ತಾನೆ, ಮೂಗು ನಾನ್ ಒರಸ್ತೀನಿ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಗೋಡೆ ಕಡೆ ತಿರುಗಿ ನಗು ನುಂಗಿದಳು. ಮಾವ ತಲೆ ತೊಳೆದುಕೊಂಡು ಬಂದು ಬೇರೆ ಎಲೆ ಹಾಕಿಸಿಕೊಂಡರು. ನಾಲ್ಕು ಒಬ್ಬಟ್ಟು ತಿಂದರು. ಎರಡು ದಿನಕ್ಕೆಂದು ಬಂದವರು ನಾಲ್ಕು ದಿನ ಇದ್ದರು. ಹೊರಡುವ ಹೊತ್ತಿಗೆ ಮನೆಯಲ್ಲಿ ನೊರಜೇ ಇರಲಿಲ್ಲ.

ವಾರ ಕಳೆದ ಮೇಲೆ ಅದೇ ಅಂಗಡಿಯಿಂದ ಹುರಿಗಡಲೆ ಪೊಟ್ಟಣ ಬಂತು. ಬಿಚ್ಚಿದರೆ ಅದೇ ಹಾಳೆಯ ಮೇಲಿನ ಅರ್ಧ. ನಾನು ಒಂದು ಸಾಲು ಓದಿ ಮಡಚಿಬಿಟ್ಟೆ. ಏನು ಬರೆದಿದೆ ಎಂದು ಗೌರಿ ಕೇಳಿದಳು. ಗೊಬ್ಬರದ ವಿಷಯ ಎಂದೆ. ಅವಳು ನನ್ನ ಮುಖ ನೋಡಿ, ಕಾಗದವನ್ನು ಕಿತ್ತುಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಕೂಡಿಸತೊಡಗಿದಳು.

"ಮೊ... ದಲು... ಮನೆ... ಯೊಳಗೆ... ಹಣ್ಣು... ಕೊಳೆ... ತಿದೆಯೇ... ನೋಡಿ."

ಒಂದು ತಪ್ಪೂ ಇಲ್ಲದೆ ಅವಳು ಓದಿದ ಮೊದಲ ವಾಕ್ಯ ಅದು. ಮೇಷ್ಟರಾಗಿ ನನಗೆ ಹೆಮ್ಮೆಯಾಯಿತು. ಗಂಡನಾಗಿ, ಬಾಯಿ ತುಂಬ ಹುರಿಗಡಲೆ ಹಾಕಿಕೊಂಡೆ.