ಖುಷ್ಕಿಯವರಿಗೆ ಚೆಲ್ಲೋ ಇಲ್ಲ

ಸಂಗೀತವೂ ನೀರಿನ ಹಾಗೆ ಮೇಲಿನಿಂದ ಕೆಳಕ್ಕೆ ಹರಿಯುವ ಪದಾರ್ಥವೆಂದು ಸಿಂಧನೂರಿನ ಮೂವತ್ತಾರೂವರೆ ನಂಬರಿನ ಉಪಕಾಲುವೆ ಕಚೇರಿಯು ಹೋದ ವರ್ಷ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಇದಕ್ಕೆ ಯಾರ ಆಕ್ಷೇಪಣೆಯೂ ಬರಲಿಲ್ಲ. ಆಕ್ಷೇಪಣೆ ಸಲ್ಲಿಸಲು ಏಳು ದಿನಗಳ ಗಡುವಿತ್ತು. ಪ್ರಕಟಣೆಯನ್ನು ಎಂಟನೆಯ ದಿನ ಅಂಟಿಸಲಾಗಿತ್ತು.

ವಿಷಯ ಇಷ್ಟೇ. ಪೋಲೆಂಡ್ ದೇಶದ ನಾಲ್ವರು ವಾದಕರು ಹಂಪಿ ನೋಡಲು ಬಂದವರು, ಸಿಂಧನೂರಿನಲ್ಲೊಂದು ಕಾರ್ಯಕ್ರಮ ಕೊಡಲು ಒಪ್ಪಿದ್ದರು. ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲಾ, ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೋ. ಊರಿನಲ್ಲಿ ಅವತ್ತು ಯಾರ ಮದುವೆಯೂ ಇಲ್ಲದೆ ಖಾಲಿಯಿದ್ದ ಸಭಾಂಗಣವೆಂದರೆ ಕಾಲುವೆ ಕಚೇರಿಯದೊಂದೇ. ಹೀಗಾಗಿ ಎಲ್ಲ ಹೊಣೆ ಎಂಜಿನಿಯರ್ ಶರಣಬಸವ ಅವರ ಹೆಗಲೇರಿತು. ಅವರು ಇಪ್ಪತ್ತಾರು ವರ್ಷ ನೀರು ಹಂಚಿದವರು. ನೀರಲ್ಲದ್ದನ್ನು ಹಂಚಲು ಬೇರೆ ನಿಯಮ ಇರಬಹುದೆಂಬ ಅನುಮಾನ ಅವರನ್ನು ಒಮ್ಮೆಯೂ ಕಾಡಿರಲಿಲ್ಲ.

ಸುದ್ದಿ ಕೇಳಿ ನಿಜವಾಗಿ ಎದೆ ಢವಢವ ಅಂದದ್ದು ಅದೇ ಕಚೇರಿಯ ಗುಮಾಸ್ತೆ ಅನುಪಮಾಳಿಗೆ. ಪಾಮನಕಲ್ಲೂರಿನವಳು. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಚೆಲ್ಲೋ ಕೇಳುತ್ತಿದ್ದಳು. ಯಾಕೆ ಚೆಲ್ಲೋ ಎಂದರೆ ಅವಳಿಗೂ ಗೊತ್ತಿಲ್ಲ. ಒಂದು ಸಂಜೆ ಫೋನು ತಾನಾಗಿಯೇ ಅದನ್ನು ನುಡಿಸಿತ್ತು. ಕೇಳುತ್ತ ಮಸ್ಕಿಯಲ್ಲಿ ಬಸ್ಸು ಬದಲಿಸುವುದನ್ನು ಮರೆತು ಸಂತೆಕಲ್ಲೂರಿಗೆ ಹೋಗಿ ಇಳಿದಿದ್ದಳು. ಅವ್ವ ಗದ್ದೆಮ್ಮನೂ ಒಂದು ಕಿವಿಗೆ ಹಾಕಿಕೊಂಡು ಕೇಳಿ, "ಯಾರೋ ದೊಡ್ಡ ಮನಷಾ ಒಳಗೊಳಗ ಅಳಾಕತ್ತಾನ, ಯಾರ ಮುಂದೂ ಹೇಳವಲ್ಲ," ಅಂದಿದ್ದಳು. ಆ ವಾದ್ಯವನ್ನು ಒಂದೇ ಒಂದು ಸಲ, ನಡುವೆ ಫೋನಿಲ್ಲದೆ ಕೇಳಬೇಕು. ಅನುಪಮಾಳ ಆಸೆ ಅಷ್ಟೇ, ಆದರೆ ಅದು ಬಲು ಗಟ್ಟಿ ಆಸೆಯಾಗಿತ್ತು.

ಆದೇಶವನ್ನು ಟೈಪು ಮಾಡಿದವಳೂ ಅವಳೇ.

"ಒಂದೂವರೆ ತಾಸಿನ ಸಂಗೀತವನ್ನು ತಲಾ ಅರ್ಧ ತಾಸಿನಂತೆ ಮೂರು ಪಾಳಿಗಳಲ್ಲಿ ಹಂಚತಕ್ಕದ್ದು. ಮುಂದಿನ ಕುರ್ಚಿಗಳು ಸಿಂಧನೂರಿಗೆ, ನಡುವಿನವು ಮಸ್ಕಿಗೆ, ಕೊನೆಯವು ಲಿಂಗಸುಗೂರಿಗೆ. ಒಂದು ಭಾಗದ ಪಾಳಿ ನಡೆದಿರುವಾಗ ಉಳಿದೆರಡು ಭಾಗದವರು ಕಿವಿಯಲ್ಲಿ ಹತ್ತಿ ಇಟ್ಟುಕೊಳ್ಳತಕ್ಕದ್ದು. ಹತ್ತಿಯನ್ನು ಕಚೇರಿಯೇ ಪೂರೈಸುವುದು. ಮೊಬೈಲಿನಲ್ಲಿ ಸಂಗೀತ ಮುದ್ರಿಸಿಕೊಳ್ಳುವುದನ್ನು ಕಾಲುವೆಗೆ ಅಕ್ರಮ ಪಂಪ್‌ಸೆಟ್ ಇಟ್ಟಂತೆ ಪರಿಗಣಿಸಲಾಗುವುದು. ಕಾಲುವೆ ನೀರು ಕಾಣದ ಖುಷ್ಕಿ ಗ್ರಾಮಗಳಿಗೆ ಪಾಳಿ ಇರುವುದಿಲ್ಲ."

ಕೊನೆಯ ಸಾಲಿಗೆ ಬಂದಾಗ ಅವಳ ಬೆರಳು ನಿಂತವು. ಪಾಮನಕಲ್ಲೂರು ಮಳೆ ನಂಬಿ ಜೋಳ, ತೊಗರಿ ಬೆಳೆಯುವ ಊರು. ಅವಳು ಎದ್ದು ಸಾಹೇಬರ ಕೋಣೆಗೆ ಹೋದಳು.

"ಸರ, ನಮ್ಮೂರು ಖುಷ್ಕಿ ಐತ್ರಿ."

"ಗೊತ್ತೈತವಾ. ಖುಷ್ಕಿ ಅಂದ್ರ ಮಳಿ ಬಂದಾಗ ತಗೋಬೇಕು. ಪಾಳಿ ಕೇಳಾಂಗಿಲ್ಲ."

"ನಾ ಇದ ಆಫೀಸಿನಾಕಿ ಅದೀನಲ್ರಿ."

"ಮಸ್ತಾನಸಾಬ ಮೂವತ್ತು ವರ್ಷ ಕಾಲುವಿ ಗೇಟು ಎತ್ಯಾನ. ಅವನ ಹೊಲಕ್ಕ ಒಂದು ಹನಿ ಕೊಟ್ಟೀವೇನು?"

ಬಾಗಿಲಲ್ಲಿ ನಿಂತಿದ್ದ ಮಸ್ತಾನಸಾಬ, ಕೊಟ್ಟಿಲ್ಲ ಎಂದು ಹೆಮ್ಮೆಯಿಂದ ತಲೆಯಾಡಿಸಿದ.

ಅನುಪಮಾ ಅರ್ಜಿ ಬರೆದಳು. ಉತ್ತರ ಬಂತು; ಅದನ್ನೂ ಅವಳೇ ಟೈಪು ಮಾಡಬೇಕಾಯಿತು. "ತಮ್ಮ ಗ್ರಾಮವು ಏತ ನೀರಾವರಿಯ ಐದನೇ ಹಂತದಲ್ಲಿ ಸೇರ್ಪಡೆಗೊಂಡ ತರುವಾಯ ತಮ್ಮ ಕಿವಿಗಳನ್ನು ಪರಿಗಣಿಸಲಾಗುವುದು." ಎರಡನೇ ಹಂತಕ್ಕೆ ಅಡಿಗಲ್ಲು ಹಾಕಿದಾಗ ಅವಳು ಮೂರನೇ ಇಯತ್ತೆಯಲ್ಲಿದ್ದಳು. ರೆಕಾರ್ಡು ಕೋಣೆಗೆ ಹೋಗಿ ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು ಬಂದು, ಹದಿನೆಂಟು ಕಿಲೋ ಹತ್ತಿಗೆ ಬೇಡಿಕೆ ಪತ್ರ ಬರೆದಳು.

ಆದರೆ ರೆಕಾರ್ಡು ಕೋಣೆಯಲ್ಲಿ ಅತ್ತವರಿಗೆ ಒಂದು ಅನುಕೂಲ ಉಂಟು. ಕಣ್ಣೊರೆಸಿಕೊಳ್ಳುವಾಗ ಎದುರಿಗೆ ನಿಯಮಗಳ ಪುಸ್ತಕ ಇರುತ್ತದೆ. ನಲವತ್ತೊಂದನೇ ನಿಯಮ ಹೀಗಿತ್ತು: "ಕಾಲುವೆಯಿಂದ ಬಸಿದು ಹೊರಹೋಗುವ ನೀರು ಯಾವ ಪಾಳಿಗೂ ಸೇರದು. ಅದನ್ನು ಬಳಸುವವರನ್ನು ಯಾರೂ ತಡೆಯತಕ್ಕದ್ದಲ್ಲ." ಅನುಪಮಾ ಅದನ್ನು ಮೂರು ಸಲ ಓದಿ, ಒಂದು ಪ್ರತಿ ತೆಗೆದುಕೊಂಡು ಬ್ಯಾಗಿನಲ್ಲಿ ಮಡಚಿಟ್ಟಳು.

ಭಾನುವಾರ ಸಂಜೆ ಐದಕ್ಕೆ ಕಾರ್ಯಕ್ರಮ ಶುರುವಾಯಿತು. ಸೆಕೆಯಾಗುತ್ತದೆಂದು ಚೆಲ್ಲೋ ವಾದಕಿ ತನ್ನ ಕುರ್ಚಿಯನ್ನು ವೇದಿಕೆಯ ಹಿಂದಿನ ಕಿಟಕಿಯ ಬಳಿಗೆ ಸರಿಸಿಕೊಂಡಳು. ಸಭಿಕರನ್ನು ನೋಡಿ ಅವಳಿಗೆ ಸಣ್ಣದೊಂದು ಸಂಶಯ ಬಂತು. ದುಭಾಷಿಯಾಗಿ ಬಂದಿದ್ದ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹಫೀಜ್ ಅವರನ್ನು ಕರೆದು, ಇವರೆಲ್ಲ ಯಾಕೆ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾರೆಂದು ಕೇಳಿದಳು. ಇನ್ನೂ ಅವರ ಪಾಳಿ ಬಂದಿಲ್ಲ ಎಂದರು ಹಫೀಜ್. ಅವಳು ಅರ್ಥವಾದಂತೆ ತಲೆದೂಗಿ, ತನ್ನ ಅಜ್ಜಿಯ ಕಾಲದಲ್ಲಿ ತಮ್ಮಲ್ಲೂ ಮಾಂಸಕ್ಕೆ ಪಾಳಿ ಇತ್ತೆಂದು ಹೇಳಿ ಕಮಾನು ಎತ್ತಿಕೊಂಡಳು.

ಮೊದಲ ಪಾಳಿ ಸಿಂಧನೂರಿನದು. ಅವರು ಅರ್ಧ ತಾಸೂ ಹಿಂದಕ್ಕೆ ತಿರುಗಿ ಕೂತು, ಉಳಿದವರ ಹತ್ತಿ ಸರಿಯಾಗಿದೆಯೇ ಎಂದು ಕಾವಲು ಕಾದರು. ಮಸ್ತಾನಸಾಬ ಸೀಟಿ ಊದಿದ. ಮಸ್ಕಿಯವರು ಹತ್ತಿ ತೆಗೆದರು. ಅಷ್ಟರಲ್ಲಿ ಲಿಂಗಸುಗೂರು ಕಡೆಯ ಮುಖಂಡ ಗಿಡ್ಡಪ್ಪ ಎದ್ದು ನಿಂತ.

"ಮ್ಯಾಲಿನವರು ಹತ್ತಿ ಸಡ್ಲ ಇಟ್ಟಾರ್ರಿ. ನಮ್ಮ ಪಾಲಿಂದು ಕದ್ದು ಕೇಳಾಕತ್ತಾರ."

ತಪಾಸಣಾ ತಂಡ ಮುಂದಿನ ನಾಲ್ಕು ಸಾಲುಗಳ ಕಿವಿ ಪರೀಕ್ಷಿಸಿತು. ಅದು ಮುಗಿಯುವಷ್ಟರಲ್ಲಿ ಮಸ್ಕಿಯ ಪಾಳಿಯೂ ಮುಗಿಯಿತು. ಲಿಂಗಸುಗೂರಿನ ಪಾಳಿಯಲ್ಲಿ ಗಿಡ್ಡಪ್ಪ ಮತ್ತೆ ಎದ್ದ.

"ಇಲ್ಲಿಗೆ ಬರೇ ಸಣ್ಣ ಸಪ್ಪಳ ಬರಾಕತ್ತೈತಿ. ದಪ್ಪ ಸಪ್ಪಳ ಎಲ್ಲಾ ನಡುವ ಇಂಗ್ಯಾವ. ಪಂಚನಾಮಿ ಆಗ್ಲಿ."

ಪಂಚನಾಮೆ ಆಯಿತು. ವಾದಕರು ನುಡಿಸುತ್ತಲೇ ಇದ್ದರು.

ವೇದಿಕೆಯ ಹಿಂದಿನ ಗೋಡೆಯಾಚೆ, ಜಾಲಿ ಗಿಡಗಳ ನಡುವೆ, ಪಾಮನಕಲ್ಲೂರು ಮತ್ತು ಸಂತೆಕಲ್ಲೂರಿನ ಮೂವತ್ತು ಜನ ಖುಷ್ಕಿಯವರು ನೆಲದ ಮೇಲೆ ಕೂತಿದ್ದರು. ಕಿಟಕಿಯಿಂದ ಒಂದು ಮಾರು ದೂರದಲ್ಲಿ ಅನುಪಮಾ. ಕಮಾನು ತಂತಿ ಮುಟ್ಟುವ ಮುಂಚೆ ವಾದಕಿ ಉಸಿರೆಳೆದುಕೊಳ್ಳುವುದೂ ಅವಳಿಗೆ ಕೇಳಿಸಿತು. ಫೋನಿನಲ್ಲಿ ಆ ಉಸಿರು ಎಂದೂ ಇರಲಿಲ್ಲ. ಅವಳ ಕಣ್ಣು ತುಂಬಿ ಬಂತು, ಇಷ್ಟು ಸುಖ ತನಗೂ ಸಿಗಬಹುದೆಂದು ಅವಳು ಅಂದುಕೊಂಡಿರಲಿಲ್ಲ. ಗದ್ದೆಮ್ಮ ಮಗಳ ಕೈ ಹಿಡಿದುಕೊಂಡು ಕೊನೆಯತನಕ ಬಿಡಲಿಲ್ಲ.

ಪಂಚನಾಮೆಗೆ ಸಹಿ ಹಾಕಿ ಸುಸ್ತಾದ ಶರಣಬಸವ ಗಾಳಿಗೆಂದು ಹಿಂದೆ ಬಂದವರು, ಇವರನ್ನು ಕಂಡು ನಿಂತರು.

"ಎಷ್ಟೊತ್ತಿಂದ ಕೇಳಾಕತ್ತೀರಿ?"

"ಶುರುವಿಂದ್ರಿ," ಎಂದು ಅನುಪಮಾ ನಲವತ್ತೊಂದನೇ ನಿಯಮದ ಪ್ರತಿಯನ್ನು ಮುಂದೆ ಹಿಡಿದಳು.

ಅವರು ಕನ್ನಡಕ ಹಾಕಿಕೊಂಡು ಓದಿದರು. ನಿಯಮವೆಂದರೆ ಅವರಿಗೆ ತಾಯಿ ಇದ್ದಂತೆ. "ಬಸಿಯೂದು ನಿಮ್ದ," ಎಂದು ಹೇಳಿ ಒಳಗೆ ಹೋದರು.

ಈ ವರ್ಷವೂ ಅದೇ ನಾಲ್ವರು ಬರುತ್ತಾರೆಂಬ ಸುದ್ದಿ ಹಬ್ಬಿದ ವಾರದಲ್ಲಿ, ತಮ್ಮನ್ನು ಖುಷ್ಕಿ ಎಂದು ಘೋಷಿಸಬೇಕೆಂದು ಕೋರಿ ನಾನೂರ ಹನ್ನೆರಡು ನೀರಾವರಿ ರೈತರು ಅರ್ಜಿ ಕೊಟ್ಟರು. ಮೊದಲ ಅರ್ಜಿ ಗಿಡ್ಡಪ್ಪನದು. ಕಾಲುವೆ ದಂಡೆಯ ಊರಾದ ವಳಕಮದಿನ್ನಿಯವರು ಗದ್ದೆಯ ಕೆಸರು ಮೆತ್ತಿದ ಕಾಲಲ್ಲೇ ಬಂದು, ತಾವು ಹುಟ್ಟಿದಾಗಿನಿಂದ ಕಾಲುವೆ ಕಂಡಿಲ್ಲವೆಂದು ಪ್ರಮಾಣ ಮಾಡಿದರು. ಕಚೇರಿಯು ಎಲ್ಲವನ್ನೂ ಸಹಾನುಭೂತಿಯಿಂದ ಪರಿಶೀಲಿಸಿ, "ಕಿವಿಗಳ ಮಟ್ಟಿಗೆ ಮಾತ್ರ ಖುಷ್ಕಿ" ಎಂಬ ಪ್ರಮಾಣಪತ್ರ ನೀಡಿತು. ಒಳಗಿನ ಖಾಲಿ ಕುರ್ಚಿಗಳಿಗೆ ಮೂರು ಪಾಳಿ ಎಂದಿನಂತೆ ನಡೆಯತಕ್ಕದ್ದೆಂದೂ, ಸೀಟಿಯನ್ನು ಮಸ್ತಾನಸಾಬನೇ ಊದತಕ್ಕದ್ದೆಂದೂ ಆದೇಶವಾಯಿತು. ಮುಂಭಾಗ ಕೊನೆಭಾಗಗಳ ನಡುವೆ ಒಂದೂ ತಕರಾರಿಲ್ಲದ ಮೊದಲ ಹಂಚಿಕೆ ಇದೆಂದು ಮೇಲಧಿಕಾರಿಗಳು ಮುಂಚಿತವಾಗಿಯೇ ಶ್ಲಾಘಿಸಿ ಬರೆದರು.

ಕಾರ್ಯಕ್ರಮದ ಹಿಂದಿನ ದಿನ ಶರಣಬಸವ ತಮ್ಮದೇ ಒಂದು ಅರ್ಜಿಯನ್ನು ತಂದು ಅನುಪಮಾಳ ಮೇಜಿನ ಮೇಲಿಟ್ಟರು.

"ಕಿಟಕಿ ಹತ್ರ ಜಾಗ ಸಿಗತೈತೇನವಾ?"

ಅವಳು ಅರ್ಜಿಯನ್ನು ಪೂರ್ತಿ ಓದಿ, ಸಹಿ ಇದೆಯೇ ನೋಡಿ, ಮೊಹರು ಒತ್ತಿದಳು.

"ಲಗೂನ ಬರ್ರಿ ಸರ. ಖುಷ್ಕಿಯೊಳಗ ಪಾಳಿ ಇರಂಗಿಲ್ಲ."

ಮರುದಿನ ಅವರು ಮೂರು ಗಂಟೆಗೇ ಬಂದು, ನೆಲದ ಮೇಲೆ ಪೇಪರು ಹಾಸಿಕೊಂಡು, ಗದ್ದೆಮ್ಮನ ಹಿಂದೆ ಕೂತರು.