ಕೊನೆಯ ದೃಶ್ಯಕ್ಕೆ ಉಳಿದವರು

ಶನಿವಾರ, ಬೆಳಿಗ್ಗೆ ಆರು ಗಂಟೆ. ಕೊಲ್ಲಿ ನಾಡಿನ ಅಲ್ ರೀಮ್ ಐಲ್ಯಾಂಡಿನ ನಮ್ಮ ಕಟ್ಟಡದ ಕೆಳಗಿನ ಬೆಂಚು. ಹಾಜರಿದ್ದವರು: ನಾನು, ನನ್ನ ಹೆಂಡತಿ, ಮತ್ತು ಒಬ್ಬರೇ ಇದ್ದರೂ ಮೂವರಂತೆ ಮಾತಾಡುವ ನಮ್ಮ ಪಕ್ಕದ ಮನೆಯವರು.

ಇವರು ಐರಿಷ್ ಮೂಲದ ಅಮೆರಿಕನ್ ನಾಟಕಕಾರರು. ಇಲ್ಲಿ ಮಗಳ ಜೊತೆ ವಾಸ. ಲಿಫ್ಟ್ ಹತ್ತುವಾಗ ತಮ್ಮ ನಾಟಕದ ಗಂಡ, ಹೆಂಡತಿ ಪಾತ್ರಗಳೂ ಹತ್ತಲಿ ಎಂದು ಬಾಗಿಲು ಹಿಡಿದು ಕಾಯುತ್ತಾರೆ. ಆಮೇಲೆ ಗಂಡನ ಮಾತು ದಪ್ಪ ಸ್ವರದಲ್ಲಿ, ಹೆಂಡತಿಯದು ಸಣ್ಣ ಸ್ವರದಲ್ಲಿ. ಒಮ್ಮೆ ಸೆಕ್ಯುರಿಟಿಯವನು ಗಾಬರಿಯಾಗಿ, "ಒಳಗೆ ಯಾರ ಜಗಳ ಸಾರ್?" ಎಂದು ಕೇಳಿದ. "ಗಂಡ ಹೆಂಡತಿಯದು. ಹನ್ನೆರಡನೇ ಮಹಡಿಯಲ್ಲಿ ರಾಜಿಯಾಗುತ್ತದೆ," ಎಂದರಂತೆ ಇವರು.

ಇವರ ಅಪ್ಪ ಬಾಸ್ಟನ್ ಬಂದರಿನಲ್ಲಿ ಮೂಟೆ ಹೊತ್ತವರು. ಇವರು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ನಾಟಕ ಬರೆದರು. ನ್ಯೂಯಾರ್ಕಿನ ದೊಡ್ಡ ರಂಗಮಂದಿರ ಕಂಡದ್ದು ಇವರ ಒಂದೇ ನಾಟಕ, ಅದೂ ಒಂದೇ ರಾತ್ರಿ. ಹೊರಗೆ ಹಿಮ. ಕೊನೆಯ ರೈಲು ತಪ್ಪೀತೆಂದು ಜನ ಕೊನೆಯ ದೃಶ್ಯಕ್ಕೆ ಮೊದಲೇ ಎದ್ದು ಹೋದರು. ಪೆಟ್ಟು ತಿಂದವರು ಪಾಠ ಕಲಿಯಬೇಡವೇ? ಮುಂದಿನ ನಾಟಕದಲ್ಲಿ ಕೊನೆಯ ದೃಶ್ಯವನ್ನೇ ಮೊದಲು ಇಟ್ಟರು. ಜನ ತಡವಾಗಿ ಬಂದರು!

ಆ ಒಂದು ರಾತ್ರಿಯ ನಾಟಕವನ್ನು ಇವರು ದಿನಾ ನಮ್ಮೆದುರು ಅಭಿನಯಿಸುತ್ತಿದ್ದರು. ನಾನು ನಿವೃತ್ತ ಡ್ರಿಲ್ ಮಾಸ್ಟರ್. ಏಳಕ್ಕೆ ಸ್ನಾನ ಎಂದರೆ ಏಳಕ್ಕೇ. ನಾಟಕದ ಹೆಂಡತಿ ಗಂಡನನ್ನು ಬಿಟ್ಟು ಹೋಗಲು ಪೆಟ್ಟಿಗೆ ಹಿಡಿದು ಹೊಸಿಲಿಗೆ ಬರುವ ಹೊತ್ತಿಗೆ ನಾನು "ಖಲಾಸ್" ಎಂದು ಎದ್ದುಬಿಡುತ್ತಿದ್ದೆ.

ಇವತ್ತು ಅವರು ಶುರು ಮಾಡುವ ಮೊದಲೇ ಹೇಳಿದರು: "ಮಗಳ ಕೆಲಸ ಮುಗಿಯಿತು, ಮಾಸ್ಟರ್. ರಾತ್ರಿ ವಿಮಾನ. ಕೊನೆಯ ದೃಶ್ಯವನ್ನು ಈವರೆಗೆ ಯಾರೂ ನೋಡಿಲ್ಲ."

ಏಳಾಯಿತು. ನನ್ನ ಕಾಲು ತಾನಾಗಿ ಎದ್ದಿತು. ಹೆಂಡತಿ ಅಂಗಿ ಹಿಡಿದು ಎಳೆದಳು. "ಕೂತ್ಕೊಳ್ಳಿ ಮಾರಾಯ್ರೆ. ಸ್ನಾನದ ನೀರು ಎಲ್ಲಿಗೂ ಓಡಿ ಹೋಗುದಿಲ್ಲ."

ಕೂತೆ.

ನಾಟಕದಲ್ಲಿ ಹೊಸಿಲಲ್ಲಿದ್ದವಳು ಪೆಟ್ಟಿಗೆ ಕೆಳಗಿಟ್ಟಳು. "ಸೂಪ್ ಉಳಿದಿದೆಯಾ?" ಎಂದಳು. ಗಂಡ ಬಿಸಿ ಮಾಡಲು ಎದ್ದ. ಅಷ್ಟೇ.

"ಮತ್ತೆ ಅವಳು ಹೋಗ್ಲಿಲ್ಲ ಅಲ್ವಾ?" ನನ್ನ ಹೆಂಡತಿ ಕೇಳಿದಳು.

ನಾಟಕಕಾರರು ಬಂದು ನಮ್ಮ ಪಕ್ಕ ಬೆಂಚಿನ ಮೇಲೆ ಕೂತರು. "ಇದನ್ನು ಕೇಳುವುದಕ್ಕೆ ಅವತ್ತು ಯಾರೂ ಉಳಿದಿರಲಿಲ್ಲ," ಎಂದರು.

ಸ್ನಾನ ಎಂಟಕ್ಕಾಯಿತು. ಸಂಜೆ ಅವರ ಸಾಮಾನನ್ನು ನಾನೇ ಲಿಫ್ಟಿನೊಳಗೆ ಇಟ್ಟುಕೊಟ್ಟೆ. ಅಪ್ಪ, ಮಗಳು ಒಳಗೆ ಹೋಗಿ ನಿಂತರು. ಇವತ್ತಿನ ಕೊನೆಯ ಕೆಲಸವೆಂದು, ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನು ಸ್ವಲ್ಪ ಹೊತ್ತು ಹಿಡಿದು ನಿಂತೆ. ಇನ್ನೂ ಇಬ್ಬರು ಹತ್ತುವವರಿದ್ದರು.