ನಿದ್ದೆಗಣ್ಣಿನ ಸಾಕ್ಷಿ

ನನ್ನ ಸೋದರಮಾವ ಪೂರ್ತಿ ಎಚ್ಚರವಾಗಿದ್ದದ್ದನ್ನು ಕಂಡವರು ಬೈಂದೂರಿನಲ್ಲಿ ಯಾರಾದರೂ ಇದ್ದರೆ ಹೇಳಿ, ನಾನೇ ಬಂದು ಕೈಮುಗಿಯುತ್ತೇನೆ! ಯಡ್ತರೆಯಲ್ಲಿ ಅವನದೊಂದು ಟೈಲರ್ ಅಂಗಡಿ. ಹೊಲಿಗೆ ಮಿಷನ್ನು ಮೊದಲು ಟಕಟಕ ಎನ್ನುತ್ತದೆ, ಆಮೇಲೆ ಟಕ್... ಟಕ್..., ಆಮೇಲೆ ಏನೂ ಇಲ್ಲ. ಒಮ್ಮೆ ಒಬ್ಬರ ಅಂಗಿಯ ಕಿಸೆಯನ್ನು ಬೆನ್ನಿಗೆ ಹೊಲಿದು ಕೊಟ್ಟಿದ್ದ. ಅವರು ಬೈಯಲು ಬಂದರೆ, "ಮುಂದೆ ಇದ್ರೆ ಎಲ್ರೂ ಕಾಣ್ತ್ರ್ ಮಾರ್ರೆ, ಹಿಂದೆ ಇದ್ರೆ ಯಾರಿಗೂ ಗೊತ್ತಾತಿಲ್ಲೆ" ಎಂದು ಅವರನ್ನೇ ಸಮಾಧಾನ ಮಾಡಿ ಕಳಿಸಿದ.

ಭಾನುವಾರದ್ದು ಬೇರೆಯೇ ಕಥೆ. ನಮ್ಮ ದೇವಾಲಯ, ಅಂದರೆ ಚರ್ಚು, ಇರುವುದು ಕುಂದಾಪುರದಲ್ಲಿ. ಬಸ್ಸು ಮರವಂತೆಗೆ ಬಂದಾಗ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ತಣ್ಣಗಿನ ಗಾಳಿ. ಅಲ್ಲಿ ನಿದ್ದೆ ಬಾರದವನು ಮನುಷ್ಯನೇ? ಎನ್ನುವುದು ಮಾವನ ವಾದ. ಕಂಡಕ್ಟರ್ ಎಬ್ಬಿಸಲು ಮರೆತರೆ ಕಣ್ಣು ಬಿಡುವುದು ಬ್ರಹ್ಮಾವರದಲ್ಲಿ. ಅಲ್ಲಿನ ಯಾವುದಾದರೂ ದೇವಾಲಯದಲ್ಲಿ ಕೂತು ಆರಾಧನೆ ಮುಗಿಸಿ ಬರುತ್ತಾನೆ. ಕೇಳಿದರೆ, "ದೇವ್ರ್ ಒಬ್ರೇ ಅಲ್ದಾ? ಸ್ಟಾಪ್ ಬೇರೆ, ಅಷ್ಟೆ."

ಸರಿಯಾದ ಸ್ಟಾಪಿನಲ್ಲಿ ಇಳಿದ ಭಾನುವಾರಗಳಲ್ಲಿ ನಿದ್ದೆ ದೇವಾಲಯದ ಬೆಂಚಿನ ಮೇಲೆ. ಅತ್ತೆ ಮೊಣಕೈಯಿಂದ ತಿವಿದರೆ ಅವನ ಉತ್ತರ ಸಿದ್ಧ: "ಬಿರುಗಾಳಿ ಬಪ್ಪತ್ತಿಗೆ ಸ್ವಾಮಿಯೇ ದೋಣೀಲಿ ಮನಿಕಂಡಿರ್ಲಿಲ್ಯಾ? ನಂದೆಂತ ದೊಡ್ಡದ್?" ಯೇಸುಸ್ವಾಮಿ ಶಿಷ್ಯರ ಜೊತೆ ದೋಣಿಯಲ್ಲಿ ಹೋಗುವಾಗ ಗಾಳಿ ಎದ್ದದ್ದು, ಸ್ವಾಮಿ ಮಾತ್ರ ಹಾಯಾಗಿ ಮಲಗಿದ್ದದ್ದು, ಶಿಷ್ಯರು ಹೆದರಿ ಎಬ್ಬಿಸಿದ್ದು, ಎದ್ದ ಸ್ವಾಮಿ ಗದರಿದ ಕೂಡಲೇ ಕಡಲು ತಣ್ಣಗಾದದ್ದು. ಇಷ್ಟು ವರ್ಷ ದೇವಾಲಯಕ್ಕೆ ಹೋಗಿ ಮಾವ ಕಲಿತದ್ದು ಇದೊಂದೇ ಕಥೆ!

ಹೀಗಿರುವಾಗ ಒಂದು ಭಾನುವಾರ ಕರೆಂಟು ಹೋಯಿತು. ಫ್ಯಾನು ನಿಂತಿತು, ಸೆಖೆಗೆ ಮಾವನಿಗೆ ಎಚ್ಚರವಾಯಿತು. ಸರಿಯಾಗಿ ಆ ಹೊತ್ತಿಗೆ ಪಾದ್ರಿ ಅಯ್ಯನವರು ಬೋಧಪೀಠದಿಂದ ಹೇಳುತ್ತಿದ್ದರು: "ನಿಮ್ಮ ನಂಬಿಕೆಯನ್ನು ಒಬ್ಬರಿಗಾದರೂ ಹೇಳಿ, ಅದೇ ಸಾಕ್ಷಿ. ಮಾತು ಬಾರದಿದ್ದರೂ ಚಿಂತೆಯಿಲ್ಲ, ಶುರುಮಾಡಿ." ಇಷ್ಟು ವರ್ಷದಲ್ಲಿ ಮಾವನ ಕಿವಿಗೆ ನೆಟ್ಟಗೆ ಬಿದ್ದ ಬೋಧನೆ ಅದು. ತನಗೆಂದೇ ಕರೆಂಟು ತೆಗೆಸಿ ದೇವರು ಹೇಳಿದ್ದು ಎಂದು ಅವನು ನಿಶ್ಚಯಿಸಿಬಿಟ್ಟ.

ಯಾರಿಗೆ ಹೇಳುವುದು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಅಂಗಡಿಯ ಪಕ್ಕದಲ್ಲೇ ಚಾ ಹೋಟೆಲು ಇಟ್ಟಿರುವ ಅವನ ಪ್ರಾಣಸ್ನೇಹಿತ. ಅವನ ಮನೆಯ ದೀಪಾವಳಿಗೆ ಮಾವ ಹಾಜರು, ನಮ್ಮ ಮನೆಯ ಕ್ರಿಸ್ಮಸ್ ತಿಂಡಿ ಮೊದಲು ಹೋಗುವುದು ಅವನಿಗೆ. ದೇವರ ವಿಷಯ ಮಾತ್ರ ಇಬ್ಬರ ನಡುವೆ ಒಮ್ಮೆಯೂ ಬಂದದ್ದಿಲ್ಲ.

"ಮತಕ್ಕೆ ಸೇರ್ಸೂಕೆ ಬಂದ ಅಂತ ಅವ ಎಣ್ಸಿರೆ ಎಂತ ಮಾಡೂದ್ ಮಗಾ?" ಎಂದು ಮಾವ ನನ್ನನ್ನು ಕೇಳಿದ. "ಇಷ್ಟ್ ವರ್ಷದ ಸ್ನೇಹ ಒಂದೇ ಮಾತಿಗೆ ಹಾಳಾತ್ತಲ್ಲೆ!"

ಅವನ ಕಣ್ಣಲ್ಲಿ ನೀರಿತ್ತು. ತಮಾಷೆ ಮಾಡಲು ಹೊರಟವನು ಅವನ ಪಕ್ಕದಲ್ಲಿ ಕೂತೆ. ಆ ಹೆದರಿಕೆ ನನಗೂ ಇಲ್ಲವೇ? ಎಬ್ಬಿಸಿ ಮಾತಾಡಿಸಿಯಾರು ಎಂಬ ಹೆದರಿಕೆಯಲ್ಲದೆ ನಮ್ಮ ಸಭೆಯಲ್ಲಿ ಹಿಂದಿನ ಬೆಂಚುಗಳೇ ಯಾಕೆ ಮೊದಲು ತುಂಬುತ್ತವೆ ಅಂದುಕೊಂಡಿರಿ?

ಕನಸಿನಲ್ಲಿ ಮಾತ್ರ ಮಾವ ಭಾರೀ ಬೋಧಕ. ಮಧ್ಯಾಹ್ನದ ನಿದ್ದೆಯಿಂದ ಎದ್ದು, ಗಂಗೊಳ್ಳಿ ಬಂದರಿನಲ್ಲಿ ತಾನು ನಿಂತದ್ದು, ನೀರೆಲ್ಲ ಹಾಲಿನಂತೆ ಬೆಳ್ಳಗಿದ್ದದ್ದು, ದೋಣಿಗಳು ಹಗ್ಗ ಬಿಚ್ಚಿಕೊಂಡು ತಾವೇ ಹತ್ತಿರ ಬಂದು ನಿಂತು ಕೇಳಿದ್ದು, ಬಂಗುಡೆ ಮೀನುಗಳು ನೀರಿನಿಂದ ತಲೆ ಎತ್ತಿದ್ದು, ಎಲ್ಲವನ್ನೂ ವರ್ಣಿಸುತ್ತಾನೆ. ಕೇಳುತ್ತಾ ಕೂತರೆ ನಮಗೂ ರೆಪ್ಪೆ ಭಾರವಾಗುತ್ತದೆ. "ಎಂತ ಹೇಳ್ದೆ ಮಾವ ಅಷ್ಟ್ ಚಂದ?" ಎಂದು ಕೇಳಿದರೆ, "ಅದೇ ನೆನ್ಪಿಲ್ಲೆ ಕಾಣ್!"

ಕೊನೆಗೆ ಅಪರಿಚಿತರ ಮುಂದೆ ಅಭ್ಯಾಸ ಮಾಡುವುದೆಂದು ತೀರ್ಮಾನವಾಯಿತು. ಮತ್ತೊಂದು ಭಾನುವಾರ ಅವನ ಜೊತೆ ನಾನೂ ನಿದ್ದೆಹೋಗಿ (ಅಂಟುರೋಗ ಅದು!) ಇಬ್ಬರೂ ಸಾಲಿಗ್ರಾಮದಲ್ಲಿ ಇಳಿದಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಜನ ಇದ್ದರು. ಮಾವ ಗಂಟಲು ಸರಿಮಾಡಿಕೊಂಡು ದೋಣಿಯ ಕಥೆ ಶುರುಮಾಡಿದ. ಆದರೆ ಹುಟ್ಟಿದಾಗಿನಿಂದ ಯಕ್ಷಗಾನ ಕಂಡ ಜೀವ, ಬಾಯಿಂದ ಬೇರೆ ಏನು ಬಂದೀತು?

"ಎಲೈ ಶಿಷ್ಯರಿರಾ! ಸಪ್ತಸಾಗರಗಳನ್ನು ಕಡೆದು ಮಜ್ಜಿಗೆ ಮಾಡುವ ಬಿರುಗಾಳಿಯು ನಾನು! ನನ್ನ ಪರಾಕ್ರಮವನ್ನು ಅರಿಯದೆ ದೋಣಿ ಏರಿದಿರೇನು?"

ಜನ ಖುಷಿಯಾಗಿ ಸುತ್ತ ಸೇರಿದರು. ಒಬ್ಬರಂತೂ ಬೆಂಚು ಬಡಿದು ಚೆಂಡೆ ಹಾಕಿದರು. ಹುರುಪೇರಿದ ಮಾವ ಬಿರುಗಾಳಿಯ ವಂಶಾವಳಿ ಹೇಳಿದ, ಅದರ ದಿಗ್ವಿಜಯ ಹೇಳಿದ. ಅಷ್ಟರಲ್ಲಿ ಬಸ್ಸು ಬಂತು. ಜನರೆಲ್ಲ ಹತ್ತಿದರು. ಸ್ವಾಮಿ ಇನ್ನೂ ಎದ್ದೇ ಇರಲಿಲ್ಲ!

ಕಿಟಕಿಯಿಂದ ಒಬ್ಬರು ಕೂಗಿದರು: "ಹ್ವಾಯ್, ಗಾಳಿ ಪಾರ್ಟ್ ಲಾಯ್ಕಿತ್ತ್ ಮಾರ್ರೆ! ಯಾವ ಮೇಳ?"

ಮಾವ ಮುಖ ಸಪ್ಪೆ ಮಾಡಿಕೊಂಡು ಕೂತ. "ಗಾಳಿಯೇ ಗೆದ್ದ್ ಹೋಯ್ತಲ್ಲೆ ಮಗಾ" ಎಂದ. ತನ್ನಿಂದ ಆಗುವ ಕೆಲಸವಲ್ಲವೆಂದು ಅಂದಿನಿಂದ ಆ ಸುದ್ದಿಯನ್ನೇ ಬಿಟ್ಟುಬಿಟ್ಟ.

ಆಮೇಲೆ ಒಂದು ದಿನ ಹೋಟೆಲಿನ ಬಾಗಿಲು ತೆರೆಯಲಿಲ್ಲ. ಸ್ನೇಹಿತನ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ, ಕುಂದಾಪುರದ ಆಸ್ಪತ್ರೆಯಲ್ಲಿ ಆಪರೇಷನ್. ಮಾವನನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಮಧ್ಯಾಹ್ನದ ಬಿಸಿಲು ಆಸ್ಪತ್ರೆಯ ಕಾರಿಡಾರಿನ ನೆಲದ ಮೇಲೆ ಮಲಗಿತ್ತು. ಸ್ನೇಹಿತ ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಬೆಂಚಿನ ಮೇಲೆ ಕೂತಿದ್ದ. ಆಸ್ಪತ್ರೆಗೆ ಬಂದಾಗಿನಿಂದ ಕಣ್ಣು ಮುಚ್ಚಿಲ್ಲವಂತೆ. ಮಾವ ಪಕ್ಕದಲ್ಲಿ ಕೂತ. ತಲೆಯನ್ನು ಗೋಡೆಗೆ ಒರಗಿಸಿದ. ನಾನು ಮಾವನಿಗೆ ನಿದ್ದೆ ಬಂತು ಅಂದುಕೊಂಡೆ.

"ಹ್ವಾಯ್" ಎಂದ ಮಾವ. ನಾನು ಮನಸ್ಸಿನಲ್ಲೇ ಬೇಡಿಕೊಂಡೆ: ದೇವರೇ, ಇಲ್ಲಿ ಮಾತ್ರ 'ಎಲೈ' ಬೇಡ!

"ನಂಗೆ ಸಮಾ ಹೇಳೂಕೆ ಬತ್ತಿಲ್ಲೆ. ಹೆದ್ರಿಕೆ ಆರೆ ನಾನ್ ಯೇಸುಸ್ವಾಮಿ ಹತ್ರ ಹೇಳ್ತೆ. ನಿಂಗ್ ಬೇಜಾರ್ ಇಲ್ಲೆ ಅಂದ್ರೆ ಅವ್ರದ್ದೊಂದ್ ಕಥೆ ಹೇಳ್ಲಾ?" ಎಂದು ಕೇಳಿದ ಮಾವ.

ಸ್ನೇಹಿತ ತಿರುಗಿ ನೋಡಿದ. "ಹೇಳ್ ಮಾರಾಯ. ಇದ್ನ್ ಕೇಣೂಕೆ ಎಂತ ಬೇಜಾರ್? ಇಷ್ಟ್ ವರ್ಷ ಎಂತಕ್ಕೆ ಹೇಳ್ಲಿಲ್ಲೆ?"

ಮಾವ ಅವನ ಕಡೆ ಜರುಗಿ ಕೂತ. ಕಥೆಯನ್ನೇ ಹೇಳಿದ. "ಒಂದ್ ದೋಣಿ ಇತ್ತ್. ದೊಡ್ಡ ಗಾಳಿ ಬಂತ್. ಒಳಗಿದ್ದೋರಿಗೆಲ್ಲ ಹೆದ್ರಿಕೆ. ಸ್ವಾಮಿ ಅದೇ ದೋಣೀಲಿ ಇದ್ದಿರ್ ಕಾಣ್. ಅವ್ರ್ ಜೊತೆಗೇ ಇದ್ದಿರ್. ಮನಿಕಂಡಿದ್ದಿರ್..."

ಮುಂದಿನದು ಹೇಳಬೇಕು ಅನ್ನುವಷ್ಟರಲ್ಲಿ ಸ್ನೇಹಿತನ ತಲೆ ಮಾವನ ಹೆಗಲಿಗೆ ವಾಲಿತ್ತು. ನಿದ್ದೆ!

ಈ ಸಲವೂ ಕಥೆ ಅರ್ಧಕ್ಕೇ ನಿಂತಿತು. ಮಾವ ಮಾತ್ರ ಅಲುಗಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತಲಿಲ್ಲ. ಹೆಗಲು ಜೋಮು ಹಿಡಿದಿರಬೇಕು, ಮುಖ ಕಿವುಚಿಕೊಂಡಿದ್ದ, ಆದರೆ ಕಣ್ಣು ಇಷ್ಟಗಲ ತೆರೆದಿತ್ತು. ಬಿಸಿಲು ನೆಲದಿಂದ ಗೋಡೆಗೆ ಹತ್ತುವವರೆಗೂ ನನ್ನ ಮಾವ ರೆಪ್ಪೆ ಮುಚ್ಚಲಿಲ್ಲ. ನಾನು ಆಚೆ ತಿರುಗಿ ಕಣ್ಣೊರೆಸಿಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು, ಇನ್ನು ಹೆದರಬೇಡಿ ಎಂದು ನರ್ಸ್ ಬಂದು ಹೇಳಿದ್ದು ಆಮೇಲೆ. ಅದಕ್ಕೂ ಮೊದಲು, ಬಾಗಿಲು ಇನ್ನೂ ಮುಚ್ಚಿರುವಾಗಲೇ, ಸ್ನೇಹಿತ ಅರೆಗಣ್ಣು ಬಿಟ್ಟು ಕೇಳಿದ:

"ಮತ್ತೆ? ಸ್ವಾಮಿ ಎದ್ರಾ?"

"ಎದ್ರ್ ಮಾರಾಯ" ಎಂದ ಮಾವ. "ಗಾಳಿ ನಿಂತಿತ್. ನೀ ಇನ್ನೊಂಚೂರ್ ಮನಿಕೋ, ನಾ ಎಚ್ಚರ ಇರ್ತೆ."